ಕುತ್ತಿಗೆಯ ಸ್ಕ್ರೂ ಹಾಕ್ಲಿಕ್ಕೆ ರೋಬೋಟ್: ಕೊಟ್ಟ ದುಡ್ಡಿಗೆ ಸಿಕ್ಕಿದ್ದೆಂತ?

ಮೊದಲು ಮಾರ್ಕು ಕೊಟ್ಟುಬಿಡ್ತೇನೆ, ಪೂರ್ತಿ ಓದ್ಲಿಕ್ಕೆ ಪುರುಸೊತ್ತಿಲ್ಲದವರು ಇಷ್ಟೇ ಓದಿ ಹೋಗಬಹುದು. ಸರ್ಜನ್ನರಿಗೆ 5ಕ್ಕೆ 5, ನರ್ಸುಗಳಿಗೆ 5, ರೋಬೋಟಿಗೆ 3, ಬಿಲ್ಲಿಂಗ್ ಕೌಂಟರಿಗೆ 1, ಆ ಒಂದು ಕೂಡ ಅಲ್ಲಿ ಎಸಿ ಇತ್ತು ಅಂತ ಕೊಟ್ಟದ್ದು. ಆಸ್ಪತ್ರೆಯ ಹೆಸರು ಹಾಕುವುದಿಲ್ಲ, ಊರಿನ ಹೆಸರೂ ಹಾಕುವುದಿಲ್ಲ, ಘಟ್ಟದ ಮೇಲಿನದ್ದು ಅಂತ ಮಾತ್ರ ತಿಳ್ಕೊಳ್ಳಿ, ಊರು ಹೇಳಿದ್ರೆ ಆಸ್ಪತ್ರೆ ಯಾವುದು ಅಂತ ಅರ್ಧ ಬದಿಯಡ್ಕಕ್ಕೆ (ಕೇರಳದ ಕಾಸರಗೋಡು ಜಿಲ್ಲೆಯ ನಮ್ಮೂರು) ಗೊತ್ತಾಗಿಬಿಡ್ತದೆ.

ಆಪರೇಷನ್ ಆದದ್ದು ನನ್ನ ಸೋದರಮಾವನಿಗೆ. ತೋಟದ ತೋಡಿಗೆ ಹಾಕಿದ ಅಡಕೆ ಮರದ ಸಂಕದಿಂದ ಮಳೆಗಾಲದಲ್ಲಿ ಜಾರಿ ತಲೆ ಕೆಳಗಾಗಿ ಬಿದ್ದದ್ದು, ಆಗ ತಲೆಗೆ ಹೊಲಿಗೆ ಹಾಕಿ ಕಳಿಸಿದ್ರು, ಕುತ್ತಿಗೆ ನೋವು ಇತ್ತು ಆದ್ರೆ ಮಾವ ಎಣ್ಣೆ ತಿಕ್ಕಿಸಿಕೊಂಡು ದಿನ ದೂಡಿದ್ರು. ಆಮೇಲೆ ನಿಧಾನಕ್ಕೆ ಕೈ ಬೆರಳು ಹೇಳಿದ ಹಾಗೆ ಕೇಳದೆ ಆಯ್ತು. ಅಂಗಿಯ ಗುಬ್ಬಿ ಹಾಕ್ಲಿಕ್ಕೆ ಅತ್ತೆ ಬರಬೇಕು, ಎಲೆಗೆ ಸುಣ್ಣ ಹಚ್ಚುವಾಗ ಎಲೆ ಕೈಯಿಂದ ಜಾರ್ತದೆ, ನಡೀವಾಗ ಚಪ್ಪಲಿ ಕಾಲಿಂದ ಕಳಚಿದ್ದೇ ಗೊತ್ತಾಗುವುದಿಲ್ಲ. ಕುತ್ತಿಗೆ ಬಗ್ಗಿಸಿದ್ರೆ ಬೆನ್ನಿನಲ್ಲಿ ಕರೆಂಟ್ ಹೊಡೆದ ಹಾಗೆ ಆಗ್ತದೆ ಅಂತ ಹೇಳಿದ ದಿನ ನಾವೆಲ್ಲ ಗಟ್ಟಿ ಹಿಡಿದು ಮಂಗಳೂರಿಗೆ ಕರ್ಕೊಂಡು ಹೋದೆವು. (ಇದನ್ನು ಓದುವವರ ಮನೆಯಲ್ಲಿ ಯಾರಿಗಾದ್ರೂ ಈ ಲಕ್ಷಣ ಉಂಟಾದ್ರೆ ತಿಕ್ಕಿಸುವುದು, ಎಳೆಸುವುದು ಎಲ್ಲ ಇವತ್ತೇ ನಿಲ್ಲಿಸಿ. ಬೆನ್ನುಹುರಿ ಒತ್ತಿಹೋದ ಲಕ್ಷಣ ಇದು.)

ಎಮ್ಮಾರೈ, ಸಿಟಿ ಎಲ್ಲ ಆಗಿ ಗೊತ್ತಾದದ್ದು ಇಷ್ಟು. ಕುತ್ತಿಗೆಯಲ್ಲಿ 7 ಎಲುಬು, ಮೇಲಿನಿಂದ ಸಿ1, ಸಿ2 ಅಂತ ಲೆಕ್ಕ. ಸಿ2ರಿಂದ ಒಂದು ತುಂಡು ಮೇಲಕ್ಕೆ ಚಾಚಿಕೊಂಡು ಸಿ1ರ ಉಂಗುರದ ಒಳಗೆ ನಿಲ್ತದೆ, ತಲೆ ಆಚೆ ಈಚೆ ತಿರುಗುವುದು ಅದರ ಸುತ್ತ. ಮಾವನಿಗೆ ಬಿದ್ದಾಗ ಆ ತುಂಡೇ ಬುಡದಲ್ಲಿ ಮುರಿದು ಕೂಡಿಕೊಳ್ಳದೆ ಹಾಗೇ ಉಳಿದಿತ್ತು, ಹಾಗಾಗಿ ಸಿ1 ಮುಂದಕ್ಕೆ ಜಾರಿ ಜಾರಿ ಬೆನ್ನುಹುರಿಯನ್ನು ಒತ್ತುತ್ತಾ ಇತ್ತು. ಪರಿಹಾರ ಒಂದೇ, ಹಿಂದಿನಿಂದ ಕೊಯ್ದು ಸಿ1ಕ್ಕೆ ಎರಡು, ಸಿ2ಕ್ಕೆ ಎರಡು ಸ್ಕ್ರೂ ಹಾಕಿ ರಾಡಿನಲ್ಲಿ ಕಟ್ಟಿ, ಮಧ್ಯೆ ಬೇರೆ ಎಲುಬಿನ ಚೂರು ಇಟ್ಟು ಎರಡೂ ಒಂದಾಗುವ ಹಾಗೆ ಮಾಡುವುದು.

ಈ ವಿಧಾನ ಎಲ್ಲಿಂದ ಬಂತು ಗೊತ್ತುಂಟಾ? ಮುಂಬೈ ಮಹಾನಗರಪಾಲಿಕೆಯ ಕೆಇಎಂ ಆಸ್ಪತ್ರೆಯ ಡಾ. ಅತುಲ್ ಗೋಯಲ್ 1994ರಲ್ಲಿ ಸಿ1-ಸಿ2ಕ್ಕೆ ಪ್ಲೇಟು ಸ್ಕ್ರೂ ಹಾಕುವ ಕ್ರಮವನ್ನು ಪ್ರಕಟಿಸಿದ್ರು, 2001ರಲ್ಲಿ ಜರ್ಮನಿಯ ಹಾರ್ಮ್ಸ್ ಅದನ್ನೇ ಸ್ಕ್ರೂ ರಾಡಿಗೆ ಬದಲಾಯಿಸಿದ್ರು, ಈಗ ಜಗತ್ತಿನಲ್ಲೆಲ್ಲ ಗೋಯಲ್-ಹಾರ್ಮ್ಸ್ ಅಂತ್ಲೇ ಹೇಳುವುದು. ಆಗ ರೋಬೋಟೂ ಇಲ್ಲ ಎಂತದ್ದೂ ಇಲ್ಲ, ಕಣ್ಣು, ಕೈ, ಎಕ್ಸ್‌ರೇ ಅಷ್ಟೇ. ಆಸ್ಪತ್ರೆಯ ಲಾಬಿಯಲ್ಲಿ ಆಳೆತ್ತರದ ರೋಬೋಟ್ ಬ್ಯಾನರ್ ನೋಡಿ ಮರುಳಾಗುವ ಮೊದಲು ಇದು ಗೊತ್ತಿದ್ರೆ ಒಳ್ಳೇದು ಅಂತ ಹೇಳಿದ್ದು.

ಮಂಗಳೂರಿನ ಸರ್ಜನ್ ಕೈಯಲ್ಲೇ ಮಾಡ್ತೇನೆ ಅಂದ್ರು, ಸಮಾಧಾನದಲ್ಲಿ ತುಳುವಿನಲ್ಲೇ ಮಾತಾಡಿ ಎಲ್ಲ ವಿವರಿಸಿದ್ರು. ಆದ್ರೆ ಒಂದು ಮಾತು ಹೇಳಿದ್ರು, ಎಡಗಡೆ ರಕ್ತನಾಳ ಸ್ವಲ್ಪ ಮೇಲೆ ಉಂಟು, ಅಲ್ಲಿ ನಾನು ಪೆಡಿಕಲ್ಲಿಗೆ (ಎಲುಬಿನ ಹಿಂಭಾಗವನ್ನು ಮುಂಭಾಗಕ್ಕೆ ಸೇರಿಸುವ ಸಣ್ಣ ಕಂಬ, ಸ್ಕ್ರೂಗೆ ಹಿಡಿತ ಜಾಸ್ತಿ) ಹೋಗುವುದಿಲ್ಲ, ಹಿಂದಿನ ಲ್ಯಾಮಿನಾ ಎಲುಬಿಗೇ ಹಾಕ್ತೇನೆ ಅಂತ. ಇಲ್ಲಿಗೆ ನಮ್ಮ ಭಾವ ಇಂಟರ್ನೆಟ್ ತೆಗೆದು ಕೂತದ್ದು, ಬೆಳಗ್ಗೆ ಹೊತ್ತಿಗೆ ರೋಬೋಟ್ ಇರುವ ಆಸ್ಪತ್ರೆ ಹುಡುಕಿ ಅಪಾಯಿಂಟ್‌ಮೆಂಟೂ ತಗೊಂಡಾಗಿತ್ತು. ಕುತ್ತಿಗೆಗೆ ಗಟ್ಟಿ ಕಾಲರ್ ಕಟ್ಟಿ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿ ಅಂತ ಮಾವನನ್ನು ಕಾರಲ್ಲಿ ಮಲಗಿಸಿಕೊಂಡು ಹೋದೆವು, ಆ ದಾರಿಯ ತಿರುವುಗಳ ಬಗ್ಗೆ ಬೇರೆಯೇ ರಿವ್ಯೂ ಬರೀಬೇಕು.

ಈಗ ರೋಬೋಟಿನ ವಿಷಯ. ಅತ್ತೆ ಮೊದಲು ಕೇಳಿದ ಪ್ರಶ್ನೆ, "ಹಾಗಾದ್ರೆ ಡಾಕ್ಟ್ರು ಒಳಗೆ ಇರ್ತಾರಾ ಇಲ್ವಾ?" ಎಲ್ಲರೂ ಇದನ್ನೇ ಅಂದ್ಕೊಂಡಿರುವುದು, ಮಿಶನ್ನೇ ಕೊಯ್ದು ಸ್ಕ್ರೂ ಹಾಕಿ ಹೊಲಿದು ಕೊಡ್ತದೆ ಅಂತ. ಹಾಗೆ ಇಲ್ಲ. ಸಿಟಿಯಲ್ಲಿ ಮೊದಲೇ ಸ್ಕ್ರೂ ಎಲ್ಲಿಂದ ಒಳಗೆ ಹೋಗಬೇಕು, ಎಷ್ಟು ಓರೆ, ಎಷ್ಟು ಉದ್ದ ಅಂತ ಸರ್ಜನ್ ಕಂಪ್ಯೂಟರಲ್ಲಿ ಗೆರೆ ಎಳೀತಾರೆ. ಆಪರೇಷನ್ ಟೇಬಲ್ಲಿನಲ್ಲಿ ರೋಬೋಟಿನ ಕೈ ಬಂದು ಸರಿಯಾಗಿ ಆ ಗೆರೆಯ ಮೇಲೆ ಒಂದು ಸಣ್ಣ ಕೊಳವೆಯನ್ನು ಅಲ್ಲಾಡದ ಹಾಗೆ ಹಿಡಿದು ನಿಲ್ತದೆ. ಆ ಕೊಳವೆಯ ಒಳಗಿಂದ ಡ್ರಿಲ್ ಮಾಡುವುದು, ಸ್ಕ್ರೂ ತಿರುಗಿಸುವುದು ಎಲ್ಲ ಸರ್ಜನ್ನೇ. ಈ ಜಾತಿಯ ಮಿಶನ್ ಮೊದಲು ಬಂದದ್ದು ಸೊಂಟದ ಬೆನ್ನೆಲುಬಿಗೆ, ಇಸ್ರೇಲಿನ ಮೇಜೋರ್ ಅಂತ ಹೆಸರಿನ ಕಂಪೆನಿಯದ್ದಕ್ಕೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ಸಿಕ್ಕಿತು, 2018ರಲ್ಲಿ ಆ ಕಂಪೆನಿಯನ್ನೇ ಮೆಡ್‌ಟ್ರಾನಿಕ್ ತಗೊಂಡಿತು, ನಡುವೆ 2017ರಲ್ಲಿ ಗ್ಲೋಬಸ್‌ನವರ ಎಕ್ಸೆಲ್ಸಿಯಸ್ ಬಂತು. ಕುತ್ತಿಗೆಯ ಮೇಲಿನ ತುದಿಗೆ ಇದನ್ನು ಬಳಸಿದವರು 2015ರಲ್ಲಿ ಬೀಜಿಂಗಿನ ಜಿಶುಯಿತಾನ್ ಆಸ್ಪತ್ರೆಯವರು, ಟಿರೋಬೋಟ್ ಅಂತ ಅವರದ್ದೇ ಮಿಶನ್. ಅಂದ್ರೆ ಸೊಂಟದಲ್ಲಿ ಹಳತಾದ ಸಾಮಾನು ಕುತ್ತಿಗೆಗೆ ಇನ್ನೂ ಹೊಸತು.

ಪ್ಲಾನಿಂಗ್ ತೋರಿಸಿದ ದಿನ ಮಾತ್ರ ನನಗೆ ನಿಜವಾಗಿ ಖುಷಿಯಾಯ್ತು. ಸರ್ಜನ್ ತಮ್ಮ ರೂಮಿಗೆ ಕರೆದು ಮಾನಿಟರಲ್ಲಿ ಮಾವನ ಸಿ2ವನ್ನು ದೊಡ್ಡದು ಮಾಡಿ ಇಟ್ರು. ರಕ್ತನಾಳಕ್ಕೆ ಕೆಂಪು ಬಣ್ಣ, ಬೆನ್ನುಹುರಿಗೆ ಹಳದಿ, ಸ್ಕ್ರೂ ನೀಲಿ. ಮೌಸಲ್ಲಿ ತಿರುಗಿಸಿದ ಹಾಗೆ ಎಲುಬು ಇಡೀ ತಿರುಗ್ತದೆ. ಬಲಗಡೆ ಜಾಗ ಧಾರಾಳ. ಎಡಗಡೆ ಆ ಕೆಂಪು ಗೆರೆ ಬಾಗಿ ಮೇಲಕ್ಕೆ ಬಂದು ಎಲುಬನ್ನು ಒಳಗಿಂದ ತಿಂದ ಹಾಗೆ ಕಾಣ್ತದೆ, ಸ್ಕ್ರೂ ಹೋಗುವ ದಾರಿಯ ಅಗಲ ಅಳತೆ ಹಾಕಿದಾಗ ಬಂದದ್ದು ನಾಲ್ಕೂವರೆ ಮಿಲಿಮೀಟರ್. ಸ್ಕ್ರೂವಿನ ದಪ್ಪ 3.5. ಆಚೆ ಅರ್ಧ, ಈಚೆ ಅರ್ಧ ಮಿಲಿಮೀಟರ್, ಒಂದು ಬದಿಗೆ ಮೆದುಳಿಗೆ ರಕ್ತ ಕೊಂಡೊಯ್ಯುವ ನಾಳ, ಇನ್ನೊಂದು ಬದಿಗೆ ಬೆನ್ನುಹುರಿ. ಅದನ್ನು ನೋಡಿದ ಮೇಲೆ ಭಾವ ತಂದ ಬ್ರೋಷರ್ ಮಡಚಿ ಕಿಸೆಗೆ ಹಾಕಿದ.

ಬ್ರೋಷರ್ ಅಂದಾಗ ನೆನಪಾಯ್ತು. ಅದರಲ್ಲಿ ನೂರಕ್ಕೆ ಹತ್ತಿರದ ಒಂದು ಶೇಕಡಾವಾರು ದಪ್ಪಕ್ಷರದಲ್ಲಿ ಇತ್ತು, ಸ್ಕ್ರೂ ಸರಿ ಜಾಗದಲ್ಲಿ ಕೂರುವ ಲೆಕ್ಕ. ಸರಿ ಅಂದ್ರೆ ಎಂತ ಅಂತ ಯಾರೂ ಕೇಳುವುದಿಲ್ಲ. ಇದಕ್ಕೆ ಗರ್ಟ್ಸ್‌ಬೈನ್-ರಾಬಿನ್ಸ್ ಅಂತ 1990ರಿಂದ ಬಂದ ಒಂದು ಗ್ರೇಡಿಂಗ್ ಉಂಟು. ಸ್ಕ್ರೂ ಪೂರ್ತಿ ಎಲುಬಿನ ಒಳಗೆ ಇದ್ರೆ ಎ, 2 ಮಿಲಿಮೀಟರಿಗಿಂತ ಕಮ್ಮಿ ಹೊರಗೆ ಬಂದಿದ್ರೆ ಬಿ, 4ರ ತನಕ ಸಿ, 6ರ ತನಕ ಡಿ, ಅದಕ್ಕಿಂತ ಆಚೆ ಇ. ಸಾಮಾನ್ಯವಾಗಿ ಎ ಮತ್ತು ಬಿ ಎರಡನ್ನೂ ಕೂಡಿಸಿ ಪಾಸು ಅಂತ ಹೇಳುವುದು. ಸೊಂಟದಲ್ಲಿ 2 ಮಿಲಿಮೀಟರ್ ಹೊರಗೆ ಹೋದ್ರೆ ಹೆಚ್ಚಿನವರಿಗೆ ಎಂತದ್ದೂ ಆಗುವುದಿಲ್ಲ, ಆದ್ರೆ ಅರ್ಧ ಮಿಲಿಮೀಟರ್ ಜಾಗ ಇರುವ ನಮ್ಮ ಮಾವನ ಎಡಗಡೆಯಲ್ಲಿ ಅದೇ ಬಿ ಗ್ರೇಡ್ ಅಂದ್ರೆ ಎಲ್ಲಿಗೆ ತಾಗ್ತದೆ ನೀವೇ ಲೆಕ್ಕ ಹಾಕಿ. ಹಾಗಾಗಿ ಕೇಳುವಾಗ ಶೇಕಡಾ ಎಷ್ಟು ಅಂತ ಕೇಳಬೇಡಿ, ಕುತ್ತಿಗೆಯದ್ದು ಮಾತ್ರ ಎಷ್ಟು, ಅದರಲ್ಲಿ ಎ ಗ್ರೇಡ್ ಮಾತ್ರ ಎಷ್ಟು, ನಿಮ್ಮ ಕೈಯಲ್ಲಿ ಆದದ್ದೆಷ್ಟು ಅಂತ ಕೇಳಿ. ನಮ್ಮ ಸರ್ಜನ್ ಸಿಟ್ಟು ಮಾಡಲಿಲ್ಲ, ಸೊಂಟದ್ದು ಬೇಕಾದಷ್ಟು ಮಾಡಿದ್ದೇನೆ, ರೋಬೋಟಲ್ಲಿ ಸಿ1-ಸಿ2 ಬೆರಳೆಣಿಕೆಯಷ್ಟು, ಕೈಯಲ್ಲಿ ಮಾಡಿದ್ದು ತುಂಬಾ ಅಂತ ನೇರ ಹೇಳಿದ್ರು. ನಾವು ಅವರಲ್ಲೇ ಮಾಡಿಸುವುದು ಅಂತ ತೀರ್ಮಾನ ಮಾಡಿದ್ದು ಆ ಉತ್ತರ ಕೇಳಿಯೇ.

ಆಪರೇಷನ್ ದಿನ ಬೆಳಗ್ಗೆ ಒಳಗೆ ಹೋದವರು ಹೊರಗೆ ಬರುವಾಗ ಸಂಜೆ. ಮಧ್ಯೆ ಎಂತಾಯ್ತು ಅಂತ ಮಾರನೇ ದಿನ ಸರ್ಜನ್ ಅದೇ ಮಾನಿಟರಲ್ಲಿ ತೋರಿಸಿದ್ರು. ತಲೆಯನ್ನು ಮೂರು ಮೊಳೆಯ ಕ್ಲ್ಯಾಂಪಲ್ಲಿ ಹಿಡಿದು ಮಾವನನ್ನು ಕವುಚಿ ಮಲಗಿಸಿ, ಸಿ2ರ ಹಿಂದಿನ ಮುಳ್ಳಿಗೆ ಒಂದು ಗುರುತಿನ ಕಡ್ಡಿ ಕಚ್ಚಿಸಿ, ಅಲ್ಲೇ ಟೇಬಲ್ಲಿನ ಮೇಲೆ ಇನ್ನೊಂದು ಸ್ಕ್ಯಾನ್. ಯಾಕಂದ್ರೆ ಮೊದಲಿನ ಸಿಟಿ ಅಂಗಾತ ಮಲಗಿ ತೆಗೆದದ್ದು, ಕವುಚಿದಾಗ ಸಡಿಲ ಇರುವ ಸಿ1 ಬೇರೆಯೇ ಜಾಗದಲ್ಲಿ ಕೂತಿರ್ತದೆ, ಹಳೇ ಚಿತ್ರ ನಂಬಿ ಡ್ರಿಲ್ ಮಾಡಿದ್ರೆ ಕಥೆ ಮುಗೀತು. ಕ್ಯಾಮೆರಾ ಆ ಕಡ್ಡಿಯನ್ನು ನೋಡ್ತಾ ಇರ್ತದೆ, ಕಡ್ಡಿಯ ಲೆಕ್ಕದಲ್ಲಿ ರೋಬೋಟಿಗೆ ಎಲುಬು ಎಲ್ಲುಂಟು ಅಂತ ಗೊತ್ತಾಗುವುದು. ರೋಬೋಟಿಗೆ ಎಲುಬು ಕಾಣುವುದಿಲ್ಲ ಮಾರಾಯ್ರೆ, ಕಡ್ಡಿ ಮಾತ್ರ ಕಾಣುವುದು! ಕಡ್ಡಿ ಸ್ವಲ್ಪ ಅಲ್ಲಾಡಿದ್ರೆ, ಅಥವಾ ಡ್ರಿಲ್ ಒತ್ತುವಾಗ ಎಲುಬೇ ಒಂಚೂರು ಕೆಳಗೆ ಹೋದ್ರೆ, ಅದು ತಪ್ಪು ಜಾಗವನ್ನೇ ಬಹಳ ಗಟ್ಟಿಯಾಗಿ, ಸ್ವಲ್ಪವೂ ಕೈ ನಡುಗದೆ ತೋರಿಸ್ತದೆ. ಸೊಂಟದ ಎಲುಬು ದೊಡ್ಡದು, ಅಷ್ಟು ಸುಲಭಕ್ಕೆ ಅಲ್ಲಾಡುವುದಿಲ್ಲ, ಕುತ್ತಿಗೆಯದ್ದು ಹಾಗಲ್ಲ. ಇನ್ನೊಂದು ಸಮಸ್ಯೆ, ಇಲ್ಲಿ ಎಲುಬಿನ ಮೈ ಓರೆ, ಅಡಕೆ ಮರಕ್ಕೆ ಓರೆಯಾಗಿ ಮೊಳೆ ಹೊಡೆದ ಹಾಗೆ ಡ್ರಿಲ್ಲಿನ ಮೊನೆ ಜಾರ್ತದೆ, ಅದಕ್ಕೆ ಮೊದಲು ಎಲುಬು ಕೆರೆಯುವ ವೇಗದ ಬರ್‌ನಿಂದ ಒಂದು ಸಣ್ಣ ಗುಳಿ ಮಾಡಿಕೊಂಡೇ ಶುರು ಮಾಡುವುದಂತೆ.

ಸಿ1ರ ಎರಡು, ಸಿ2ರ ಬಲಗಡೆಯದ್ದು ಒಂದು, ಮೂರು ಸ್ಕ್ರೂ ರೋಬೋಟ್ ತೋರಿಸಿದ ಗೆರೆಯಲ್ಲೇ ಕೂತವು. ನಾಲ್ಕನೆಯದಕ್ಕೆ, ಅಂದ್ರೆ ಯಾವುದಕ್ಕೋಸ್ಕರ ನಾವು ಘಟ್ಟ ಹತ್ತಿದ್ದೋ ಆ ಎಡಗಡೆಯದ್ದಕ್ಕೆ, ಡ್ರಿಲ್ ಮಾಡುವ ಮೊದಲು ಸರ್ಜನ್ ಪಾಯಿಂಟರ್ ತಗೊಂಡು ಕಣ್ಣಿಗೆ ಕಾಣುವ ಎಲುಬಿನ ಅಂಚಿಗೆ ಮುಟ್ಟಿಸಿ ನೋಡಿದ್ರು. ಪಾಯಿಂಟರ್ ಎಲುಬಿಗೆ ತಾಗಿದೆ, ಸ್ಕ್ರೀನಲ್ಲಿ ಮಾತ್ರ ಅದರ ತುದಿ ಗಾಳಿಯಲ್ಲಿ ನಿಂತಿದೆ. ಎಲ್ಲೋ ಕಡ್ಡಿ ಅಲ್ಲಾಡಿದೆ. ಅಲ್ಲಿಗೆ ಅವರು ರೋಬೋಟಿನ ಕೈ ಹಿಂದಕ್ಕೆ ಕಳಿಸಿ, ಆ ಒಂದು ಸ್ಕ್ರೂವನ್ನು ಲ್ಯಾಮಿನಾಕ್ಕೆ ಕೈಯಲ್ಲೇ ಹಾಕಿದ್ರು. ಪುನಃ ಸ್ಕ್ಯಾನ್ ಮಾಡಬಹುದಿತ್ತಲ್ಲಾ ಅಂತ ಭಾವ ಕೇಳಿದ. ಮಾಡಬಹುದಿತ್ತು, ಆದ್ರೆ ಇನ್ನಷ್ಟು ರೇಡಿಯೇಷನ್, ಇನ್ನಷ್ಟು ಹೊತ್ತು, ಅಲ್ಲಿ ಸುತ್ತ ಇರುವ ಸಣ್ಣ ರಕ್ತನಾಳಗಳಿಂದ ರಕ್ತ ಸೋರ್ತಾ ಇತ್ತು, ಲ್ಯಾಮಿನಾ ದಪ್ಪ ಇತ್ತು, ಕಣ್ಣೆದುರೇ ಇತ್ತು, ಪೆಡಿಕಲ್ಲಿನಷ್ಟು ಹಿಡಿತ ಇಲ್ಲದಿದ್ರೂ ಇವರಿಗೆ ಸಾಕು ಅಂದ್ರು. ಮಂಗಳೂರಿನವರು ಶುರುವಿನಲ್ಲಿ ಹೇಳಿದ್ದೂ ಅದನ್ನೇ ಅಲ್ವಾ ಅಂತ ಮಾವ ಮಲಗಿದಲ್ಲಿಂದ ಹೇಳಿದ್ರು, ಎಲ್ಲರೂ ನಗಾಡಿದೆವು, ಸರ್ಜನ್ನೂ ನಗಾಡಿದ್ರು.

ಹಾಗಂತ ರೋಬೋಟ್ ದಂಡ ಅಂತ ನಾನು ಹೇಳುವುದಿಲ್ಲ. ಸಿ1ರ ಎರಡೂ ಸ್ಕ್ರೂ ಆಪರೇಷನ್ ಆದ ಮೇಲಿನ ಸಿಟಿಯಲ್ಲಿ ಪ್ಲಾನಿನ ಗೆರೆಯ ಮೇಲೆ ಗೆರೆ ಎಳೆದ ಹಾಗೆ ಕೂತಿದ್ವು, ನಾನೇ ನೋಡಿದ್ದೇನೆ. ಪೆಡಿಕಲ್ಲಿಗೇ ಹಾಕಬೇಕು, ಬೇರೆ ದಾರಿ ಇಲ್ಲ ಅನ್ನುವ ಕೇಸಿಗೆ, ಹುಟ್ಟಿನಿಂದಲೇ ಎಲುಬಿನ ಆಕಾರ ಬೇರೆ ಇರುವವರಿಗೆ, ಮೊದಲೊಮ್ಮೆ ಆಪರೇಷನ್ ಆಗಿ ಗುರುತು ಸಿಗದೆ ಇರುವವರಿಗೆ ಇದು ಬೇಕು ಅಂತ್ಲೇ ನನ್ನ ಅಭಿಪ್ರಾಯ. ಆದ್ರೆ ಸಿ3ರಿಂದ ಸಿ6ರ ತನಕ ಹಿಂದಿನಿಂದ ಸಾಧಾರಣ ಲ್ಯಾಟರಲ್ ಮಾಸ್ (ಎಲುಬಿನ ಪಕ್ಕದ ದಪ್ಪ ಭಾಗ) ಸ್ಕ್ರೂ ಹಾಕುವುದಾದ್ರೆ, ಅನುಭವ ಇರುವ ಸರ್ಜನ್ ಎಷ್ಟೋ ವರ್ಷದಿಂದ ಕೈಯಲ್ಲೇ ಹಾಕ್ತಾ ಬಂದದ್ದು, ಅದಕ್ಕೆ ಪ್ರತ್ಯೇಕ ರೋಬೋಟ್ ದುಡ್ಡು ಕೊಡಿ ಅಂದ್ರೆ ಯಾಕೆ ಅಂತ ಎರಡು ಸಲ ಕೇಳಿ. ಮುಂದಿನಿಂದ ಡಿಸ್ಕ್ ತೆಗೆದು ಪ್ಲೇಟ್ ಹಾಕುವುದಕ್ಕಂತೂ ಇದರ ಸುದ್ದಿಯೇ ಬೇಡ.

ಇನ್ನು ಬಿಲ್ಲು. ಇಲ್ಲಿ ನನಗೆ ಹೊಟ್ಟೆ ಉರಿದದ್ದು. ಅಡ್ಮಿಟ್ ಆಗುವಾಗ ಕೊಟ್ಟ ಎಸ್ಟಿಮೇಟಲ್ಲಿ ಎಲ್ಲ ಸೇರಿ ಪ್ಯಾಕೇಜ್ ಅಂತ ಹೇಳಿದ್ರು, ಡಿಸ್ಚಾರ್ಜಿನ ದಿನ ನೋಡಿದ್ರೆ ರೋಬೋಟ್ ಬಳಕೆ ಅಂತ ಒಂದು ಸಾಲು, ರೋಬೋಟಿನ ಬಿಸಾಡುವ ಸಾಮಾನು ಅಂತ ಇನ್ನೊಂದು ಸಾಲು, ಎರಡೂ ಸೇರಿ ಲಕ್ಷ ದಾಟ್ತದೆ. ನಾಲ್ಕರಲ್ಲಿ ಒಂದು ಸ್ಕ್ರೂ ಕೈಯಲ್ಲಿ ಹಾಕಿದ್ದಲ್ವಾ ಅಂದ್ರೆ, ಮಿಶನ್ ಆನ್ ಮಾಡಿದ್ರೆ ಚಾರ್ಜ್ ಫುಲ್ ಅಂತ ಉತ್ತರ. ಇದು ಒಂದು ಮಟ್ಟಿಗೆ ನ್ಯಾಯವೇ ಇರಬಹುದು, ಆದ್ರೆ ಮೊದಲೇ ಬಾಯಿ ಬಿಟ್ಟು ಹೇಳಬೇಕಿತ್ತು. ಸ್ಕ್ರೂವಿನ ರೇಟೂ ಅಷ್ಟೇ. ಹೃದಯದ ಸ್ಟೆಂಟಿಗೆ, ಮೊಣಕಾಲಿನ ಇಂಪ್ಲಾಂಟಿಗೆ 2017ರಲ್ಲಿ ಸರಕಾರ ಮಿತಿ ಹಾಕಿತು, ಬೆನ್ನೆಲುಬಿನ ಸ್ಕ್ರೂಗೆ ಹಾಗೆ ಮಿತಿ ಇಲ್ಲ, ಹಾಕಿದ್ದೇ ರೇಟು.

ಇನ್ಶೂರೆನ್ಸ್ ಇದ್ದವರು ಇದನ್ನು ಸರಿಯಾಗಿ ಓದಿ. ಐಆರ್‌ಡಿಎಐ (ವಿಮಾ ಕಂಪೆನಿಗಳ ಮೇಲಿನ ಸರಕಾರಿ ನಿಯಂತ್ರಕ) 2019ರಲ್ಲಿ ಆಧುನಿಕ ಚಿಕಿತ್ಸೆ ಅಂತ 12 ಐಟಂ ಪಟ್ಟಿ ಮಾಡಿ ಇವನ್ನು ಪಾಲಿಸಿಯಿಂದ ಹೊರಗೆ ಇಡುವ ಹಾಗಿಲ್ಲ ಅಂತ ಹೇಳಿತು. ಅದರಲ್ಲಿ ರೋಬೋಟಿಕ್ ಸರ್ಜರಿಯೂ ಉಂಟು, ಆಪರೇಷನ್ ನಡೆಯುವಾಗ ನರಗಳು ಸರಿ ಉಂಟಾ ಅಂತ ನೋಡ್ತಾ ಇರುವ ನ್ಯೂರೋ ಮಾನಿಟರಿಂಗೂ ಉಂಟು, ಎರಡೂ ನಮಗೆ ಬೇಕಾದದ್ದೇ. ಆದ್ರೆ ಇಷ್ಟರ ತನಕ ಮಾತ್ರ ಕೊಡ್ತೇವೆ ಅಂತ ಮಿತಿ ಹಾಕ್ಲಿಕ್ಕೆ ಕಂಪೆನಿಗೆ ಅವಕಾಶ ಉಂಟು, ಅಲ್ಲಿಯೇ ಸಿಕ್ಕಿಬೀಳುವುದು. ಎಲ್ಲ ಕಂಪೆನಿಯವರೂ ಒಂದೇ ನಮೂನೆ ಮಾರುವ ಆರೋಗ್ಯ ಸಂಜೀವಿನಿ ಪಾಲಿಸಿಯಾದ್ರೆ ಈ ಪಟ್ಟಿಯದ್ದಕ್ಕೆ ವಿಮಾ ಮೊತ್ತದ ಶೇಕಡಾ 50ರ ತನಕ. ನಮ್ಮ ಮಾವನ ಪಾಲಿಸಿ ಅದಲ್ಲ, ಬೇರೆಯೇ, ಹಳೇದು, ಅದರಲ್ಲಿ ಮಿತಿ ಎಷ್ಟು ಸಣ್ಣದಿತ್ತು ಅಂದ್ರೆ ರೋಬೋಟಿನ ಎರಡು ಸಾಲಿನಲ್ಲಿ ಹೆಚ್ಚಿನದ್ದು ನಮ್ಮ ಕೈಯಿಂದಲೇ ಹೋಯ್ತು, ಆ ವರ್ಷದ ಚಾಲಿ ಅಡಕೆ ಮಾರಿದ ದುಡ್ಡು ಅದಕ್ಕೇ ಸರಿಯಾಯ್ತು. ಆಪರೇಷನ್ನಿಗೆ ಮೊದಲೇ ರೋಬೋಟ್ ಅಂತ ಬರೆದೇ ಪ್ರೀ-ಆಥ್ (ಇನ್ಶೂರೆನ್ಸಿನವರ ಮುಂಗಡ ಒಪ್ಪಿಗೆ) ಕೇಳಿಸಿ. ಬರೀ ಸಿ1-ಸಿ2 ಫ್ಯೂಷನ್ (ಎಲುಬು ಕೂಡಿಸುವುದು) ಅಂತ ಕಳಿಸಿದ್ರೆ ಕೊನೆಗೆ ತಲೆಬಿಸಿ ನಮಗೇ.

ಯಾರೂ ಮೊದಲೇ ಹೇಳದ ಕೆಲವು ವಿಷಯ ಹೇಳ್ತೇನೆ. ಸಿ1-ಸಿ2 ಕಟ್ಟಿದ್ರೆ ಕುತ್ತಿಗೆ ತಿರುಗುವುದು ಸುಮಾರು ಅರ್ಧಕ್ಕರ್ಧ ಕಮ್ಮಿ ಆಗ್ತದೆ, ರೋಬೋಟ್ ಹಾಕಿದ್ರೂ ಅಷ್ಟೇ, ಕೈ ಹಾಕಿದ್ರೂ ಅಷ್ಟೇ. ಮಾವ ಈಗ ಅಡಕೆ ಮರದ ತಲೆ ನೋಡ್ತಾರೆ, ಬಗ್ಗಿ ಅಡಕೆ ಹೆಕ್ತಾರೆ, ಆದ್ರೆ ಹಿಂದಿನಿಂದ ಕರೆದ್ರೆ ಇಡೀ ಮೈ ತಿರುಗಿಸಬೇಕು, ಸ್ಕೂಟರ್ ಬಿಟ್ಟಾಗಿದೆ. ಒಪ್ಪಿಗೆ ಕಾಗದದಲ್ಲಿ ಇದು ಇಂಗ್ಲಿಷಲ್ಲಿ ಎಲ್ಲೋ ಒಂದು ಕಡೆ ಇತ್ತಂತೆ. ತಲೆಯ ಹಿಂಭಾಗ ಜೋಮು, ಬಾಚುವಾಗ ಬಾಚಣಿಗೆ ತಾಗಿದ್ದು ಗೊತ್ತಾಗುವುದಿಲ್ಲ ಅಂತಾರೆ, ಅಲ್ಲಿಯ ನರಕ್ಕೆ ಪೆಟ್ಟಾಗುವುದು ಈ ಆಪರೇಷನ್ನಿನಲ್ಲಿ ಇರುವುದೇ ಅಂತೆ. ಕುತ್ತಿಗೆಗಿಂತ ಜಾಸ್ತಿ ನೋವಾದದ್ದು ಸೊಂಟಕ್ಕೆ, ಅಲ್ಲಿಂದಲ್ವಾ ಎಲುಬಿನ ಚೂರು ತೆಗೆಯುವುದು. ಕೈ ಬೆರಳು ಸುಮಾರು ಸರಿಯಾಗಿದೆ, ಗುಬ್ಬಿ ತಾನೇ ಹಾಕ್ತಾರೆ, ಅಡಕೆ ಸುಲಿಯುವ ವೇಗ ಮಾತ್ರ ಮೊದಲಿನ ಹಾಗೆ ಇಲ್ಲ.

ಸ್ಕ್ರೂ ಎಷ್ಟು ಸರಿಯಾಗಿ ಕೂತ್ರೂ ಅದರ ಕೆಲಸ ಎಲುಬು ಎಲುಬು ಕೂಡುವ ತನಕ ಹಿಡಿದು ನಿಲ್ಲುವುದು ಅಷ್ಟೇ, ಕೂಡಲಿಲ್ಲ ಅಂದ್ರೆ ಕ್ರಮೇಣ ಸ್ಕ್ರೂ ಸಡಿಲ ಆಗ್ತದೆ ಅಥವಾ ತುಂಡಾಗ್ತದೆ. ತಂಬಾಕಿನ ನಿಕೋಟಿನ್ ಎಲುಬು ಕೂಡ್ಲಿಕ್ಕೆ ಬಿಡುವುದಿಲ್ಲ, ಬೀಡಿ ಸಿಗರೇಟ್ ಮಾತ್ರ ಅಲ್ಲ, ಎಲೆಯಡಕೆಗೆ ಹಾಕುವ ಹೊಗೆಸೊಪ್ಪು ಕೂಡ. ಸರ್ಜನ್ ಇದನ್ನು ಹೇಳಿದಾಗ ಮಾವನ ಮುಖ ನೋಡಬೇಕಿತ್ತು, ಲಕ್ಷ ಕೊಡಿ ಅಂದಾಗಲೂ ಅಷ್ಟು ಬಾಡಿರಲಿಲ್ಲ. ಬಿಟ್ಟಿದ್ದಾರೆ, ಅತ್ತೆಯ ಕಾವಲು ಉಂಟು.

ನರ್ಸುಗಳಿಗೆ 5 ಯಾಕೆ ಕೊಟ್ಟೆ ಅಂದ್ರೆ, ಅರ್ಧಕ್ಕರ್ಧ ಜನ ಕಣ್ಣೂರು, ಕೋಟ್ಟಯಂ ಕಡೆಯ ಹುಡುಗಿಯರು, ಮಾವ ಕಾಸರಗೋಡಿನವರು ಅಂತ ಗೊತ್ತಾದ ಕೂಡಲೇ "ಅಪ್ಪಚ್ಚಾ" ಅಂತ ಶುರು, ಮಾವನೂ ಮಲಯಾಳದಲ್ಲೇ ಪಟ್ಟಾಂಗ ಹೊಡೆದದ್ದೇ ಹೊಡೆದದ್ದು. ಕವುಚಿ ತಿರುಗಿಸುವಾಗ ಕುತ್ತಿಗೆ ಹಿಡಿಯುವ ಕ್ರಮ ನಮಗೂ ಕಲಿಸಿದ್ರು. ಕ್ಯಾಂಟೀನ್ ಸುಮಾರು. ಕುಚ್ಚಲಕ್ಕಿ ಅನ್ನ ಇಲ್ಲ.

ನಮ್ಮ ಕಡೆಯವರು ಒಂದು ಲೆಕ್ಕ ಹಾಕಲೇಬೇಕು, ಆಪರೇಷನ್ ಒಂದು ದಿನದ್ದು, ತೋರಿಸ್ಲಿಕ್ಕೆ ಹೋಗುವುದು ವರ್ಷಗಟ್ಲೆ. ನಮ್ಮ ಹತ್ತಿರದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು, ಇಂಥಾ ಆಪರೇಷನ್ನಿಗೆ ನಾವು ಇವತ್ತೂ ಗಡಿ ದಾಟಿ ಹೋಗುವವರೇ. 2020ರಲ್ಲಿ ಕೊರೊನಾ ಅಂತ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ತಲಪಾಡಿಯ ತನಕ ಬಂದ ಆಂಬುಲೆನ್ಸುಗಳ ಕಥೆ ಯಾರಿಗೂ ಮರೆತಿರಲಿಕ್ಕಿಲ್ಲ. ಹಾಗಾಗಿ ಮೊದಲು ನೋಡಿದ ಮಂಗಳೂರಿನ ಸರ್ಜನ್ನರನ್ನೇ ಕೇಳಿದೆವು, ಬೇರೆ ಕಡೆ ಮಾಡಿಸಿದ್ದು, ಮುಂದೆ ನೀವು ನೋಡ್ತೀರಾ ಅಂತ. ಎಕ್ಸ್‌ರೇ ತನ್ನಿ, ನೋಡುವ ಅಂದ್ರು. ಅದಕ್ಕೆ ಡಿಸ್ಚಾರ್ಜಿನ ದಿನವೇ ಸ್ಕ್ಯಾನಿನ ಸಿಡಿ, ಪ್ಲಾನಿಂಗ್ ಚಿತ್ರದ ಪ್ರಿಂಟ್, ಯಾವ ಕಂಪೆನಿಯ ಸ್ಕ್ರೂ ಅಂತ ಇರುವ ಸ್ಟಿಕರ್ ಎಲ್ಲ ಫೈಲಿಗೆ ಅಂಟಿಸಿ ತಗೊಳ್ಳಿ, ಆಮೇಲೆ ಫೋನಲ್ಲಿ ಕೇಳಿದ್ರೆ ಕೌಂಟರಿಂದ ಕೌಂಟರಿಗೆ ಓಡಿಸ್ತಾರೆ. ರೋಬೋಟಿನ ಆ ಎರಡು ಸಾಲು ಹೇಗೆ ಇರ್ತದೆ ಅಂತ ನೋಡಬೇಕಾದವರು ಮೆಸೇಜ್ ಹಾಕಿ, ಆಸ್ಪತ್ರೆಯ ಹೆಸರು, ಮಾವನ ಹೆಸರು ಮುಚ್ಚಿ ಬಿಲ್ಲಿನ ಫೋಟೋ ಕಳಿಸ್ತೇನೆ.